ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ: ನೀವೇ ಪರೀಕ್ಷಿಸುವುದು ಹೇಗೆ?

ವಾಟ್ಸಾಪ್‌ನಲ್ಲಿ ಬಂದ ಉದ್ದನೆಯ ಸಂಖ್ಯೆಯೊಂದನ್ನು ಕಳಿಸಿ "ಇದು ಅವಿಭಾಜ್ಯ ಅಂತಾರೆ, ನಿಜವಾ?" ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಸಕಲೇಶಪುರ, ಅರಸೀಕೆರೆ, ಕಡೂರು ಕಡೆಯ ಹೈಸ್ಕೂಲ್ ಮಕ್ಕಳು ವಸ್ತುಪ್ರದರ್ಶನಕ್ಕೆ ಚಾರ್ಟ್ ಬರೆಯುವ ಹೊತ್ತಿಗಂತೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಶುರು ಮಾಡುವ ಮುಂಚೆ ಒಂದು ವಿಷಯ ಮನಸ್ಸಿಗೆ ಹಾಕಿಕೊಳ್ಳಿ. ಸಂಖ್ಯೆಯನ್ನು ಒಡೆಯುವುದು ಒಂದು ಕೆಲಸ. ಅದು ಒಡೆಯುತ್ತದೋ ಇಲ್ಲವೋ ಎಂದು ತಿಳಿಯುವುದು ಇನ್ನೊಂದು ಕೆಲಸ. ಮೊದಲನೆಯದು ಬಹಳ ಕಷ್ಟ. ಎರಡನೆಯದು ನಾವಂದುಕೊಂಡಿದ್ದಕ್ಕಿಂತ ಎಷ್ಟೋ ಸುಲಭ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಗೊಂದಲ ಇವೆರಡನ್ನೂ ಕಲಸಿಕೊಳ್ಳುವುದರಿಂದಲೇ ಹುಟ್ಟುತ್ತದೆ.

ಮೊದಲು ನಾಲ್ಕು ಪದ

1 ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವ, 1ಕ್ಕಿಂತ ದೊಡ್ಡ ಪೂರ್ಣಸಂಖ್ಯೆ ಅವಿಭಾಜ್ಯ ಸಂಖ್ಯೆ: 2, 3, 5, 7, 11. ಬೇರೆ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವಂಥದ್ದು ಸಂಯುಕ್ತ ಸಂಖ್ಯೆ. ಹಾಗೆ ಒಡೆದಾಗ ಸಿಗುವ ತುಂಡುಗಳು ಅಪವರ್ತನಗಳು. ಒಂದು ಸಂಖ್ಯೆಯನ್ನು ಅದರಿಂದಲೇ ಎಷ್ಟು ಸಲ ಗುಣಿಸಿದ್ದೀರಿ ಅನ್ನುವುದು ಘಾತ. 2ರ 5ನೇ ಘಾತ ಎಂದರೆ 32. 1 ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ. ಚಾರ್ಟಿನಲ್ಲಿ ಅದನ್ನು ಸೇರಿಸಬೇಡಿ.

ಏನೇನು ಬೇಕು?

ಆರು ಅಂಕಿಯವರೆಗೆ ಕಾಗದ, ಪೆನ್ನು, ಸಾಧಾರಣ ಕ್ಯಾಲ್ಕುಲೇಟರ್ ಸಾಕು. ಅದರಿಂದಾಚೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇಟ್ಟುಕೊಳ್ಳಿ. ಅದು ಉಚಿತ, ಫೋನಿನಲ್ಲೂ ನಡೆಯುತ್ತದೆ, ಎಷ್ಟು ಅಂಕಿ ಕೊಟ್ಟರೂ ಒಂದನ್ನೂ ಬಿಡದೆ ಲೆಕ್ಕ ಮಾಡುತ್ತದೆ. ಆಸಕ್ತಿ ಇನ್ನೂ ಹೆಚ್ಚಿದ್ದರೆ ಪಾರಿ-ಜಿಪಿ ಹಾಕಿಕೊಳ್ಳಿ. ಅದು ಸಂಖ್ಯಾಸಿದ್ಧಾಂತದ ಗಣಿತಜ್ಞರೇ ಮಾಡಿದ ಉಚಿತ ತಂತ್ರಾಂಶ.

ಹಂತ 1: ಸಂಖ್ಯೆಯನ್ನು ಸರಿಯಾಗಿ ನಕಲು ಮಾಡಿ

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಒಂದು ಅಂಕಿ ಬಿಟ್ಟುಹೋದರೆ ನೀವು ಬೇರೆಯದೇ ಸಂಖ್ಯೆ ಪರೀಕ್ಷಿಸುತ್ತಿರುತ್ತೀರಿ. ಅಂಕಿಗಳನ್ನು ಎಣಿಸಿ. ಮೂಲದಲ್ಲಿ ಎಷ್ಟಿವೆಯೋ ನಿಮ್ಮ ಹಾಳೆಯಲ್ಲೂ ಅಷ್ಟೇ ಇರಬೇಕು. ಪೈಥಾನ್‌ಗೆ ಹಾಕುವಾಗ ಅಲ್ಪವಿರಾಮಗಳನ್ನೆಲ್ಲ ತೆಗೆಯಿರಿ.

ಎಚ್ಚರಿಕೆ: ದೊಡ್ಡ ಸಂಖ್ಯೆಯನ್ನು ಎಕ್ಸೆಲ್‌ಗೆ ಹಾಕಬೇಡಿ. ಎಕ್ಸೆಲ್ ಮೊದಲ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಸೊನ್ನೆ ಮಾಡಿಬಿಡುತ್ತದೆ. 147573952589676412927 ಎಂದು ಹಾಕಿದರೆ ಒಳಗೆ ಉಳಿಯುವುದು 147573952589676000000. ಸೊನ್ನೆಯಲ್ಲಿ ಮುಗಿಯುವ ಸಂಖ್ಯೆ ಅವಿಭಾಜ್ಯವಾಗುವ ಮಾತೇ ಇಲ್ಲ. ಫೋನಿನ ಕ್ಯಾಲ್ಕುಲೇಟರ್ ಕೂಡ ಸುಮಾರಾಗಿ ದುಂಡು ಮಾಡಿ ತೋರಿಸುತ್ತದೆ. ಪರದೆಯ ಮೇಲೆ ಚುಕ್ಕಿಯೋ 'ಇ' ಅಕ್ಷರವೋ ಕಂಡರೆ ಆ ಉತ್ತರ ಬಿಟ್ಟುಬಿಡಿ.

ಸಂಖ್ಯೆಯನ್ನು ಘಾತದ ರೂಪದಲ್ಲಿ ಕೊಟ್ಟಿದ್ದರೆ ಅಂಕಿ ಎಣಿಸಲು ಸುಲಭ ದಾರಿಯಿದೆ. 2ರ ಘಾತವನ್ನು 0.30103ರಿಂದ ಗುಣಿಸಿ, ದಶಾಂಶ ಭಾಗ ಬಿಟ್ಟು 1 ಕೂಡಿಸಿ. 2ರ 31ನೇ ಘಾತ: 31 × 0.30103 = 9.33. ಅಂದರೆ 10 ಅಂಕಿ.

ಹಂತ 2: ಸಣ್ಣ ಅವಿಭಾಜ್ಯಗಳಿಂದ ಸೋಸಿ

ಕೊನೆಯ ಅಂಕಿ 0, 2, 4, 6, 8 ಆದರೆ 2ರಿಂದ ಭಾಗವಾಗುತ್ತದೆ. 0 ಅಥವಾ 5 ಆದರೆ 5ರಿಂದ. ಅಂಕಿಗಳ ಮೊತ್ತ 3ರ ಮಗ್ಗಿಯಲ್ಲಿದ್ದರೆ 3ರಿಂದ. ಇಷ್ಟು ಎಲ್ಲರಿಗೂ ಗೊತ್ತು.

7, 11, 13 ಮೂರನ್ನೂ ಒಂದೇ ಏಟಿಗೆ ನೋಡುವ ಉಪಾಯ ಮಾತ್ರ ಬಹಳ ಜನಕ್ಕೆ ಗೊತ್ತಿರುವುದಿಲ್ಲ. 7 × 11 × 13 = 1001. ಹಾಗಾಗಿ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿಸಿ ಮುಂದಿನದನ್ನು ಕಳೆಯುತ್ತಾ ಹೋಗಿ. ಉಳಿದದ್ದನ್ನು 7, 11, 13ರಿಂದ ಭಾಗಿಸಿ ನೋಡಿದರೆ ಸಾಕು.

ಚಿಕ್ಕಮಗಳೂರಿನ ಪಿನ್‌ಕೋಡ್ 577101 ತಗೊಳ್ಳಿ. ಅಂಕಿಗಳ ಮೊತ್ತ 21, ಹಾಗಾಗಿ 3ರಿಂದ ಭಾಗವಾಗುತ್ತದೆ. ಈಗ ಗುಂಪು ಮಾಡಿ: 101ರಲ್ಲಿ 577 ಕಳೆದರೆ −476. ಋಣ ಚಿಹ್ನೆ ಲೆಕ್ಕಕ್ಕಿಲ್ಲ. 476 = 7 × 68. ಅಂದರೆ 7ರಿಂದಲೂ ಭಾಗವಾಯಿತು. 577101 = 3 × 7 × 27481. ಈ 27481 ಮತ್ತೆ ಒಡೆಯುತ್ತದಾ? ಅದಕ್ಕೆ ಮುಂದಿನ ಹಂತ.

ಹಂತ 3: ವರ್ಗಮೂಲದವರೆಗೆ ಭಾಗಿಸಿ

ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅದಕ್ಕಿಂತ ದೊಡ್ಡ ಅಪವರ್ತನವಿದ್ದರೆ ಅದರ ಜೋಡಿ ವರ್ಗಮೂಲಕ್ಕಿಂತ ಚಿಕ್ಕದಾಗಿರಲೇಬೇಕು, ಅದು ಆಗಲೇ ಸಿಕ್ಕಿರುತ್ತಿತ್ತು.

ನಮ್ಮ ಹಾಸನ ಜಿಲ್ಲೆಯ ಎರಡು ಇಸವಿಗಳ ಮೇಲೆ ಕೈ ಕುದುರಿಸಿಕೊಳ್ಳಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಶುರುವಾದದ್ದು 1121ರಲ್ಲಿ ಎನ್ನುತ್ತಾರೆ. ಎರಡೂ ನೋಡಲು ಅವಿಭಾಜ್ಯದ ಹಾಗೇ ಇವೆ, ಅಲ್ವಾ? ಎರಡರ ವರ್ಗಮೂಲವೂ 33ರ ಆಸುಪಾಸು. ಹಾಗಾಗಿ 31ರವರೆಗಿನ ಹನ್ನೊಂದು ಅವಿಭಾಜ್ಯಗಳು ಸಾಕು.

1117: 7ಕ್ಕೆ ಶೇಷ 4, 11ಕ್ಕೆ 6, 13ಕ್ಕೆ 12, 17ಕ್ಕೆ 12, 19ಕ್ಕೆ 15, 23ಕ್ಕೆ 13, 29ಕ್ಕೆ 15, 31ಕ್ಕೆ 1. ಎಲ್ಲೂ ಸೊನ್ನೆ ಬರಲಿಲ್ಲ. 2, 3, 5ರಿಂದಲೂ ಆಗದು. 1117 ಅವಿಭಾಜ್ಯ.

1121: 7, 11, 13, 17 ದಾಟಿ 19ಕ್ಕೆ ಬಂದಾಗ ಶೇಷ ಸೊನ್ನೆ. 1121 = 19 × 59. ಸಂಯುಕ್ತ.

27481ರ ವರ್ಗಮೂಲ 165ರ ಮೇಲೆ ಚೂರು. ಅಲ್ಲಿವರೆಗೆ 38 ಅವಿಭಾಜ್ಯಗಳಿವೆ. ಅರ್ಧ ಗಂಟೆಯ ಕೆಲಸ. ಯಾವುದರಿಂದಲೂ ಭಾಗವಾಗುವುದಿಲ್ಲ, ಹಾಗಾಗಿ ಅದು ಅವಿಭಾಜ್ಯ. 151ಕ್ಕೆ ಬಂದಾಗ ಶೇಷ 150 ಬರುತ್ತದೆ. ಅವಸರದಲ್ಲಿ ಸೊನ್ನೆ ಅಂದುಕೊಳ್ಳಬೇಡಿ.

ಪೈಥಾನ್ ಬಳಸುವವರಿಗೆ: ಒಂದೇ ಓರೆಗೆರೆ ಹಾಕಿ ಭಾಗಿಸಿದರೆ ದಶಾಂಶದ ಉತ್ತರ ಬರುತ್ತದೆ, ದೊಡ್ಡ ಸಂಖ್ಯೆಗಳಲ್ಲಿ ಅದು ತಪ್ಪಿರುತ್ತದೆ. ಪೂರ್ಣ ಭಾಗಲಬ್ಧಕ್ಕೆ ಎರಡು ಓರೆಗೆರೆ, ಶೇಷಕ್ಕೆ % ಚಿಹ್ನೆ ಬಳಸಿ.

ಈ ಹಂತಕ್ಕೂ ಒಂದು ಮಿತಿಯಿದೆ. 2147483647 ಎಂಬ ಸಂಖ್ಯೆಗೆ (ನಮ್ಮ ಬಾಯಲ್ಲಿ 214 ಕೋಟಿ 74 ಲಕ್ಷ ಚಿಲ್ಲರೆ) 46340ರವರೆಗೆ ಹೋಗಬೇಕು. ಅಲ್ಲಿ ಸುಮಾರು 4,800 ಅವಿಭಾಜ್ಯಗಳಿವೆ. ಕಂಪ್ಯೂಟರಿಗೆ ಇದು ಚಿಟಿಕೆ ಹೊಡೆದಷ್ಟು ಸುಲಭ. ಆದರೆ ಅಂಕಿ ಮೂವತ್ತು ನಲವತ್ತಾದರೆ ಕಂಪ್ಯೂಟರೂ ಕೈಚೆಲ್ಲುತ್ತದೆ. ಭಾಗಾಕಾರದ ದಾರಿ ಅಲ್ಲಿಗೆ ಮುಗಿಯಿತು.

ಒಂದು ಮಾದರಿ ನೋಡಿ "ಹೀಗೇ ಮುಂದುವರಿಯುತ್ತದೆ" ಎಂದು ನಂಬುವುದೂ ಇಲ್ಲಿಯೇ ಆಗುವ ತಪ್ಪು. 31, 331, 3331, 33331, 333331, 3333331, 33333331 ಎಲ್ಲವೂ ಅವಿಭಾಜ್ಯ. ಇದು ಫಾರ್ವರ್ಡ್ ಆಗಿ ಬರುತ್ತಲೇ ಇರುತ್ತದೆ. ಮುಂದಿನದು 333333331 = 17 × 19607843. ಸಾಲು ಅಲ್ಲಿಗೆ ಮುರಿಯಿತು.

ಹಂತ 4: ಫರ್ಮಾ ಪರೀಕ್ಷೆ

ಇಲ್ಲಿಂದ ಆಟವೇ ಬೇರೆ. 17ನೇ ಶತಮಾನದ ಫ್ರಾನ್ಸಿನ ಫರ್ಮಾ ಕಂಡುಕೊಂಡ ನಿಯಮ ಇದು: ಪ ಎಂಬುದು ಅವಿಭಾಜ್ಯವಾಗಿದ್ದರೆ, ಅದರಿಂದ ಭಾಗವಾಗದ ಯಾವುದೇ ಸಂಖ್ಯೆಯನ್ನು (ಪ − 1)ನೇ ಘಾತಕ್ಕೆ ಏರಿಸಿ ಪ ಇಂದ ಭಾಗಿಸಿದರೆ ಶೇಷ 1 ಬರಲೇಬೇಕು. ಬರಲಿಲ್ಲವೆಂದರೆ ಅದು ಸಂಯುಕ್ತ. ಅಪವರ್ತನ ಹುಡುಕುವ ಅಗತ್ಯವೇ ಇಲ್ಲ.

1121ರ ಮೇಲೆ ಕೈಯಲ್ಲೇ ಮಾಡಿ ನೋಡೋಣ. 2ನ್ನು 1120ನೇ ಘಾತಕ್ಕೆ ಏರಿಸಬೇಕು. ಅಷ್ಟು ಸಲ ಗುಣಿಸಬೇಕಾಗಿಲ್ಲ. 1120 = 35 × 32. ಹಾಗಾಗಿ 2ರ 35ನೇ ಘಾತದ ಶೇಷ ಹಿಡಿದು, ಅದನ್ನು ಐದು ಸಲ ವರ್ಗ ಮಾಡಿದರೆ ಆಯಿತು. ಪ್ರತಿ ಸಲವೂ 1121ರಿಂದ ಭಾಗಿಸಿ ಶೇಷ ಮಾತ್ರ ಉಳಿಸಿಕೊಳ್ಳಿ. ಆಗ ಲೆಕ್ಕ ದೊಡ್ಡದಾಗುವುದಿಲ್ಲ.

35ನೇ ಘಾತ: ಶೇಷ 998
70ನೇ ಘಾತ: 556
140ನೇ ಘಾತ: 861
280ನೇ ಘಾತ: 340
560ನೇ ಘಾತ: 137
1120ನೇ ಘಾತ: 833

ಕೊನೆಯಲ್ಲಿ 1 ಬರಬೇಕಿತ್ತು, 833 ಬಂತು. 1121 ಸಂಯುಕ್ತ ಎಂದು ಸಾಬೀತಾಯಿತು. ಈ ಲೆಕ್ಕದಲ್ಲಿ 19 ಆಗಲಿ 59 ಆಗಲಿ ಎಲ್ಲೂ ಬರಲಿಲ್ಲ, ಗಮನಿಸಿ.

ಇತಿಹಾಸದಲ್ಲೂ ಹೀಗೇ ಆಗಿದೆ. ಮೇಲೆ ಎಕ್ಸೆಲ್ ಹಾಳು ಮಾಡಿದ ಸಂಖ್ಯೆ 2ರ 67ನೇ ಘಾತದಲ್ಲಿ 1 ಕಳೆದದ್ದು. 1644ರಲ್ಲಿ ಮರ್ಸೆನ್ ಎಂಬ ಪಾದ್ರಿ ಅದು ಅವಿಭಾಜ್ಯ ಎಂದು ಪಟ್ಟಿಗೆ ಸೇರಿಸಿದ್ದರು. 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲೂಕಾಸ್ ಅದು ಸಂಯುಕ್ತ ಎಂದು ತೋರಿಸಿದರು, ಆದರೆ ಒಂದೇ ಒಂದು ಅಪವರ್ತನವೂ ಅವರ ಕೈಯಲ್ಲಿರಲಿಲ್ಲ. 193707721 × 761838257287 ಎಂಬ ಜೋಡಿಯನ್ನು ಅಮೆರಿಕದ ಕೋಲ್ ಎಂಬುವರು ತೋರಿಸಿದ್ದು 1903ರಲ್ಲಿ. ನಡುವೆ 27 ವರ್ಷ.

ಪೈಥಾನ್‌ನಲ್ಲಿ ಈ ಲೆಕ್ಕಕ್ಕೆ 'ಪವ್' ಎಂಬ ಆಜ್ಞೆಯಿದೆ (ಇಂಗ್ಲಿಷಿನ ಪಿ, ಓ, ಡಬ್ಲ್ಯೂ). ಆವರಣದೊಳಗೆ ಮೂರು ಸಂಖ್ಯೆ ಕೊಡಿ: ಆಧಾರ ಸಂಖ್ಯೆ (ಅಂದರೆ ಘಾತಕ್ಕೆ ಏರಿಸುವ ಸಂಖ್ಯೆ), ಘಾತ, ಭಾಜಕ. 2, 1120, 1121 ಕೊಟ್ಟರೆ 833 ಬರುತ್ತದೆ. ಮೂರನ್ನೂ ಒಟ್ಟಿಗೇ ಕೊಡಬೇಕು. ಮೊದಲು ಘಾತ ಲೆಕ್ಕ ಹಾಕಿ ಆಮೇಲೆ ಭಾಗಿಸುತ್ತೇನೆ ಎಂದು ಹೊರಟರೆ, ಹತ್ತು ಅಂಕಿಯ ಸಂಖ್ಯೆಗೇ ಫೋನ್ ಬಿಸಿಯಾಗಿ ನಿಂತುಹೋಗುತ್ತದೆ.

ಈಗ ಮುಖ್ಯವಾದ ಎಚ್ಚರಿಕೆ. ಶೇಷ 1 ಬರದಿದ್ದರೆ ಸಂಯುಕ್ತ, ಇದು ಖಾತ್ರಿ. ಆದರೆ 1 ಬಂದ ಮಾತ್ರಕ್ಕೆ ಅವಿಭಾಜ್ಯ ಎಂದು ಹೇಳುವಂತಿಲ್ಲ. 341 = 11 × 31. ಆದರೂ 2ರ 340ನೇ ಘಾತದ ಶೇಷ 1 ಬರುತ್ತದೆ. ಕಾರಣ ಸರಳ: 2ರ 10ನೇ ಘಾತ 1024, ಅದು 341ರ ಮೂರರಷ್ಟಕ್ಕಿಂತ (1023) ಸರಿಯಾಗಿ 1 ಜಾಸ್ತಿ. ಆ 1ನ್ನು ಎಷ್ಟು ಸಲ ಗುಣಿಸಿದರೂ 1. ಆಧಾರ ಸಂಖ್ಯೆ ಬದಲಿಸಿ 3 ಹಾಕಿದರೆ 341 ಸಿಕ್ಕಿಬೀಳುತ್ತದೆ. 561 (3 × 11 × 17) ಇನ್ನೂ ಚಾಲಾಕಿ. ಅದರ ಅಪವರ್ತನಗಳಿಂದ ಭಾಗವಾಗದ ಯಾವ ಆಧಾರ ಸಂಖ್ಯೆ ಹಾಕಿದರೂ 1 ಕೊಡುತ್ತದೆ. ಇಂಥವಕ್ಕೆ ಕಾರ್ಮೈಕಲ್ ಸಂಖ್ಯೆಗಳೆಂದು ಹೆಸರು. ಅವು ಲೆಕ್ಕವಿಲ್ಲದಷ್ಟಿವೆ ಎಂದು 1994ರಲ್ಲಿ ಸಾಬೀತಾಗಿದೆ. ಹಾಗಾಗಿ ಫರ್ಮಾ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳಬೇಡಿ.

ಹಂತ 5: ಮಿಲ್ಲರ್–ರಾಬಿನ್ ಪರೀಕ್ಷೆ

ಫರ್ಮಾ ಪರೀಕ್ಷೆಯನ್ನೇ ಸ್ವಲ್ಪ ಬಿಗಿ ಮಾಡಿದ್ದು ಇದು. ಸಂಖ್ಯೆಯಲ್ಲಿ 1 ಕಳೆಯಿರಿ. ಬೆಸ ಸಂಖ್ಯೆ ಸಿಗುವವರೆಗೆ 2ರಿಂದ ಭಾಗಿಸುತ್ತಾ ಹೋಗಿ. ಆಧಾರ ಸಂಖ್ಯೆಯನ್ನು ಆ ಬೆಸ ಘಾತಕ್ಕೆ ಏರಿಸಿ ಶೇಷ ನೋಡಿ. ಶೇಷ 1 ಬಂದರೆ, ಅಥವಾ ಪರೀಕ್ಷಿಸುತ್ತಿರುವ ಸಂಖ್ಯೆಗಿಂತ 1 ಕಡಿಮೆ ಬಂದರೆ, ಪಾಸು. ಇಲ್ಲದಿದ್ದರೆ ವರ್ಗ ಮಾಡುತ್ತಾ ಹೋಗಿ. ದಾರಿಯಲ್ಲಿ ಆ '1 ಕಡಿಮೆ' ಸಂಖ್ಯೆ ಸಿಗಬೇಕು. ಅದು ಸಿಗದೆ ನೇರವಾಗಿ 1ಕ್ಕೆ ಹಾರಿದರೆ, ಅಥವಾ ಕೊನೆವರೆಗೂ ಸಿಗದಿದ್ದರೆ, ಸಂಯುಕ್ತ.

1117ಕ್ಕೆ: 1116 = 4 × 279. 2ರ 279ನೇ ಘಾತದ ಶೇಷ 214. ವರ್ಗ ಮಾಡಿದರೆ 1116. ಅದೇ ನಮಗೆ ಬೇಕಾದದ್ದು, ಪಾಸು.

341ಕ್ಕೆ: 340 = 4 × 85. 2ರ 85ನೇ ಘಾತದ ಶೇಷ 32. ವರ್ಗ ಮಾಡಿದರೆ 1. ನಡುವೆ 340 ಬರಲೇ ಇಲ್ಲ. ಫರ್ಮಾ ಪರೀಕ್ಷೆಯಲ್ಲಿ ನುಸುಳಿದ 341 ಇಲ್ಲಿ ಸಿಕ್ಕಿಬಿತ್ತು.

ಯಾವ ಸಂಯುಕ್ತ ಸಂಖ್ಯೆಯೂ ಕಾಲು ಭಾಗಕ್ಕಿಂತ ಹೆಚ್ಚು ಆಧಾರ ಸಂಖ್ಯೆಗಳಲ್ಲಿ ಈ ಪರೀಕ್ಷೆಗೆ ಮೋಸ ಮಾಡಲಾರದು. ಹಾಗಾಗಿ ಮನಸ್ಸಿಗೆ ಬಂದ 20 ಆಧಾರ ಸಂಖ್ಯೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಪರೀಕ್ಷಿಸಿದರೆ, ಸಂಯುಕ್ತವೊಂದು ನುಸುಳುವ ಸಾಧ್ಯತೆ ಲಕ್ಷ ಕೋಟಿಗೆ ಒಂದಕ್ಕಿಂತಲೂ ಕಡಿಮೆ. ನೀವು ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಕಾಣುವ ಬೀಗದ ಚಿಹ್ನೆಯ ಹಿಂದೆ ಎಷ್ಟೋ ಕಡೆ ಆರ್‌ಎಸ್‌ಎ ಎಂಬ ಗುಪ್ತಲಿಪಿ ಇರುತ್ತದೆ. 2048 ಬಿಟ್‌ನ ಒಂದು ಆರ್‌ಎಸ್‌ಎ ಕೀಲಿಗೆ ಸುಮಾರು 309 ಅಂಕಿಗಳ ಎರಡು ಅವಿಭಾಜ್ಯಗಳು ಬೇಕು. ಅವನ್ನು ಆರಿಸುವುದು ಇಂಥ ಪರೀಕ್ಷೆಗಳಿಂದಲೇ. ಅವೆರಡನ್ನೂ ಗುಣಿಸಿ ಕೊಟ್ಟರೆ ಮತ್ತೆ ಒಡೆಯಲು ಯಾರಿಗೂ ಆಗಿಲ್ಲ. 250 ಅಂಕಿಯ ಇಂಥದ್ದೊಂದು ಸಂಖ್ಯೆಯನ್ನು 2020ರಲ್ಲಿ ಒಡೆದರು, ಅದಕ್ಕೇ ಕಂಪ್ಯೂಟರುಗಳ ದೊಡ್ಡ ಪಡೆ ಬೇಕಾಯಿತು. ಒಡೆಯುವ ಕೆಲಸ ಬೇರೆ, ತಿಳಿಯುವ ಕೆಲಸ ಬೇರೆ ಎಂದದ್ದು ಇದಕ್ಕೇ.

ಹಂತ 6: 'ಬಹುಶಃ' ಬಿಟ್ಟು 'ಖಂಡಿತ' ಎನ್ನಲು

ಮಿಲ್ಲರ್–ರಾಬಿನ್ ಪಾಸಾದ ಸಂಖ್ಯೆಗೆ 'ಸಂಭಾವ್ಯ ಅವಿಭಾಜ್ಯ' ಎನ್ನಿ. ಸಾಬೀತಾದ ಅವಿಭಾಜ್ಯ ಎನ್ನಲು ಇನ್ನೂ ಒಂದು ಹೆಜ್ಜೆ ಬೇಕು. ದಾರಿಗಳು ಹಲವಿವೆ. ನಿಮ್ಮ ಸಂಖ್ಯೆಗೆ ಹೊಂದುವುದನ್ನು ಆರಿಸಿಕೊಳ್ಳಿ.

ಸಂಖ್ಯೆ ಚಿಕ್ಕದಿದ್ದರೆ: 3215031751ಕ್ಕಿಂತ (ಸುಮಾರು 321 ಕೋಟಿ) ಚಿಕ್ಕದಾದ ಸಂಖ್ಯೆ 2, 3, 5, 7 ಈ ನಾಲ್ಕೂ ಆಧಾರಗಳಲ್ಲಿ ಪಾಸಾದರೆ ಅದು ಅವಿಭಾಜ್ಯವೇ. ಅನುಮಾನವೇ ಬೇಡ. ನಮ್ಮ 2147483647 ಈ ಮಿತಿಯೊಳಗೇ ಇದೆ. ಅದರಲ್ಲಿ 1 ಕಳೆದು ಅರ್ಧ ಮಾಡಿದರೆ 1073741823, ಬೆಸ ಸಂಖ್ಯೆ. ಪೈಥಾನ್‌ಗೆ ಹಾಕಿ ನೋಡಿ: ಆಧಾರ 2ಕ್ಕೆ ಶೇಷ 1. ಆಧಾರ 3, 5, 7ಕ್ಕೆ 2147483646. ನಾಲ್ಕೂ ಪಾಸು. ಸಾಬೀತಾಯಿತು.

ಒಂದು ಕಳೆದದ್ದು ಸುಲಭವಾಗಿ ಒಡೆಯುವಂತಿದ್ದರೆ: ಇದು ನನಗೆ ಬಹಳ ಇಷ್ಟವಾದ ದಾರಿ. 2147483646 = 2 × 3 × 3 × 7 × 11 × 31 × 151 × 331. ಈಗ ಒಂದು ಆಧಾರ ಸಂಖ್ಯೆ ಹುಡುಕಬೇಕು. ಅದರ 2147483646ನೇ ಘಾತಕ್ಕೆ ಶೇಷ 1 ಬರಬೇಕು. ಆದರೆ ಆ ಘಾತವನ್ನು 2, 3, 7, 11, 31, 151, 331 ಇವುಗಳಲ್ಲಿ ಯಾವುದರಿಂದ ಭಾಗಿಸಿ ನೋಡಿದರೂ ಶೇಷ 1 ಬರಬಾರದು. 7 ಎಂಬ ಆಧಾರ ಇದನ್ನೆಲ್ಲ ಪಾಲಿಸುತ್ತದೆ. ಎಂಟೇ ಎಂಟು ಲೆಕ್ಕದಲ್ಲಿ ಪೂರ್ತಿ ಸಾಬೀತು. ಚಾರ್ಟಿನಲ್ಲಿ ಬರೆದರೆ ಯಾರು ಬೇಕಾದರೂ ಅಲ್ಲೇ ನಿಂತು ತಾಳೆ ನೋಡಬಹುದು.

ಮರ್ಸೆನ್ ರೂಪದಲ್ಲಿದ್ದರೆ: 2ರ ಯಾವುದೋ ಘಾತದಲ್ಲಿ 1 ಕಳೆದ ಸಂಖ್ಯೆಗೆ ಮರ್ಸೆನ್ ಸಂಖ್ಯೆ ಎನ್ನುತ್ತಾರೆ. 2147483647 ಕೂಡ ಇಂಥದ್ದೇ, ಘಾತ 31. ಇವುಗಳಿಗೆ ಲೂಕಾಸ್–ಲೆಹ್ಮರ್ ಎಂಬ ವಿಶೇಷ ಪರೀಕ್ಷೆಯಿದೆ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆದು, ಶೇಷ ಉಳಿಸಿಕೊಳ್ಳಿ. ಘಾತಕ್ಕಿಂತ 2 ಕಡಿಮೆ ಸಲ ಹೀಗೆ ಮಾಡಿ. ಕೊನೆಯಲ್ಲಿ 0 ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಸಂಯುಕ್ತ. 127 (2ರ 7ನೇ ಘಾತ − 1) ಮೇಲೆ ಮಾಡಿದರೆ: 4, 14, 67, 42, 111, 0. ಐದು ಸಲಕ್ಕೆ ಸೊನ್ನೆ ಬಂತು. 2047 (2ರ 11ನೇ ಘಾತ − 1) ಮೇಲೆ ಒಂಬತ್ತು ಸಲ ಮಾಡಿದರೆ ಕೊನೆಗೆ ಉಳಿಯುವುದು 1736. ಸೊನ್ನೆಯಲ್ಲ, ಹಾಗಾಗಿ ಸಂಯುಕ್ತ. ಅದು 23 × 89.

ಈ 2047 ಇನ್ನೊಂದು ತಪ್ಪು ಕಲ್ಪನೆಯನ್ನೂ ಮುರಿಯುತ್ತದೆ. ಘಾತ ಅವಿಭಾಜ್ಯವಾಗಿದ್ದರೆ ಮರ್ಸೆನ್ ಸಂಖ್ಯೆಯೂ ಅವಿಭಾಜ್ಯ ಎಂದು ಅನೇಕರು ಬರೆದುಬಿಡುತ್ತಾರೆ. ಹಾಗಿಲ್ಲ. ಘಾತ ಅವಿಭಾಜ್ಯವಾಗಿರಲೇಬೇಕು ಅನ್ನುವುದು ಸರಿ, ಆದರೆ ಅಷ್ಟೇ ಸಾಲದು.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ, 1772ರಲ್ಲಿ, ಗಣಿತಜ್ಞ ಆಯ್ಲರ್ 2147483647 ಅವಿಭಾಜ್ಯ ಎಂದು ಪತ್ರವೊಂದರಲ್ಲಿ ತಿಳಿಸಿದರು. ಅವರು 4,800 ಭಾಗಾಕಾರ ಮಾಡಲಿಲ್ಲ. ಘಾತ 31 ಆದ್ದರಿಂದ, ಅಪವರ್ತನ ಏನಾದರೂ ಇದ್ದರೆ ಅದು 62ರ ಮಗ್ಗಿಯ ಯಾವುದಾದರೂ ಸಂಖ್ಯೆಗೆ 1 ಕೂಡಿಸಿದ್ದೇ ಆಗಿರಬೇಕು. (2047ನಲ್ಲೂ ನೋಡಿ: 23 = 22 + 1, 89 = 88 + 1.) ಜೊತೆಗೆ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. ಎರಡೂ ಷರತ್ತು ಸೇರಿಸಿದರೆ ಸುಮಾರು 370 ಸಂಖ್ಯೆಗಳು ಮಾತ್ರ ಉಳಿಯುತ್ತವೆ.

ಯಾವ ವಿಶೇಷ ರೂಪವೂ ಇಲ್ಲದ ದೊಡ್ಡ ಸಂಖ್ಯೆಯಾದರೆ: ಪಾರಿ-ಜಿಪಿಗೆ ಬಿಡಿ. ಅದರಲ್ಲಿ 'ಈಸ್‌ಸೂಡೋಪ್ರೈಮ್' ಎಂಬ ಆಜ್ಞೆ ಸಂಭಾವ್ಯವೇ ಎಂದು ಬೇಗ ಹೇಳುತ್ತದೆ. 'ಈಸ್‌ಪ್ರೈಮ್' ಎಂಬುದು ಸಮಯ ತಗೊಂಡು ಪೂರ್ತಿ ಸಾಬೀತು ಮಾಡುತ್ತದೆ. ಪೈಥಾನ್‌ನ ಸಿಂಪೈ ಎಂಬ ಸಂಗ್ರಹದಲ್ಲೂ 'ಈಸ್‌ಪ್ರೈಮ್' ಇದೆ. ಹೆಸರು ಒಂದೇ ಎಂದು ಮೋಸ ಹೋಗಬೇಡಿ. ಅದರ ಉತ್ತರ 2ರ 64ನೇ ಘಾತದವರೆಗೆ ಖಚಿತ, ಅದರಾಚೆಗೆ 'ಸಂಭಾವ್ಯ' ಮಾತ್ರ.

ಯಾವ ಸಂಖ್ಯೆ ಕೊಟ್ಟರೂ ಊಹೆಯಿಲ್ಲದೆ, ಅಂಕಿ ಹೆಚ್ಚಿದಂತೆ ಸಮಯ ಸ್ಫೋಟಗೊಳ್ಳದೆ ಸಾಬೀತು ಮಾಡುವ ವಿಧಾನ ಇದೆಯೇ ಎಂಬುದು ಬಹುಕಾಲದ ಪ್ರಶ್ನೆಯಾಗಿತ್ತು. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ 'ಇದೆ' ಎಂದು ತೋರಿಸಿದರು. ಕಯಾಲ್ ಮತ್ತು ಸಕ್ಸೇನಾ ಆಗಿನ್ನೂ ವಿದ್ಯಾರ್ಥಿಗಳು. ದಿನಬಳಕೆಗೆ ಆ ವಿಧಾನ ನಿಧಾನ, ಆದ್ದರಿಂದ ತಂತ್ರಾಂಶಗಳು ಬೇರೆ ದಾರಿ ಹಿಡಿಯುತ್ತವೆ. ಆದರೆ ಚಾರ್ಟಿನಲ್ಲಿ ಈ ಮೂವರ ಹೆಸರು ಇರಲಿ.

ಹಂತ 7: ಸಂಖ್ಯೆಯ ಗುಣಗಳನ್ನು ಬರೆಯಿರಿ

ಅವಿಭಾಜ್ಯ ಎಂದು ಗೊತ್ತಾದ ಮೇಲೆ "ಇದರ ವಿಶೇಷ ಏನು?" ಎಂದು ಕೇಳುತ್ತಾರೆ. ನೋಡಬೇಕಾದ್ದು ಇವು. ಉದಾಹರಣೆ 2147483647ದೇ.

4ರಿಂದ ಭಾಗಿಸಿದರೆ ಶೇಷ ಎಷ್ಟು? ಶೇಷ 1 ಬರುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ಬೇಲೂರಿನ 1117 ಅಂಥದ್ದು: 21 × 21 = 441, 26 × 26 = 676, ಕೂಡಿದರೆ 1117. ಶೇಷ 3 ಬಂದರೆ ಹೀಗೆ ಬರೆಯಲು ಸಾಧ್ಯವೇ ಇಲ್ಲ. 2147483647ಕ್ಕೆ ಶೇಷ 3.

ಅಕ್ಕಪಕ್ಕ ಯಾರಿದ್ದಾರೆ? 2 ಅಂತರದಲ್ಲಿ ಇನ್ನೊಂದು ಅವಿಭಾಜ್ಯವಿದ್ದರೆ ಅವಳಿ ಅವಿಭಾಜ್ಯ. ನಮ್ಮ ಸಂಖ್ಯೆಗೆ ಅವಳಿಯಿಲ್ಲ. ಹಿಂದಿನದು 2147483645, 5ರಿಂದ ಒಡೆಯುತ್ತದೆ. ಮುಂದಿನದು 2147483649, 3ರಿಂದ ಒಡೆಯುತ್ತದೆ. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಅಂತರ 18 ಮತ್ತು 12. ಈ ಗಾತ್ರದ ಸಂಖ್ಯೆಗಳ ನಡುವೆ ಅವಿಭಾಜ್ಯಗಳ ಸರಾಸರಿ ಅಂತರ ಸುಮಾರು 21. ಹಾಗಾಗಿ ಇಲ್ಲಿ ಸ್ವಲ್ಪ ಒತ್ತೊತ್ತಾಗಿವೆ.

ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆದರೆ, ಇದು ಸಾಲಾಗಿ ಮೂವತ್ತೊಂದು 1. ಹಾಗಾಗಿಯೇ ಹಳೆಯ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಒಂದು ಪೂರ್ಣಸಂಖ್ಯೆಗೆ ಇದೇ ಗರಿಷ್ಠ ಮಿತಿ. 1970ರ ಜನವರಿ 1ರಿಂದ ಸೆಕೆಂಡು ಎಣಿಸುವ ಅಂಥ ಗಡಿಯಾರಗಳು 2038ರ ಜನವರಿ 19ರಂದು ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತವೆ.

ಪರಿಪೂರ್ಣ ಸಂಖ್ಯೆ ಸಿಗುತ್ತದಾ? ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮನಾದದ್ದು ಪರಿಪೂರ್ಣ: 6 = 1 + 2 + 3. ಪ್ರತಿ ಮರ್ಸೆನ್ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆ ಕೊಡುತ್ತದೆ. ಇದನ್ನು 2ರ 30ನೇ ಘಾತದಿಂದ ಗುಣಿಸಿದರೆ 2305843008139952128. ಅದು ಎಂಟನೆಯ ಪರಿಪೂರ್ಣ ಸಂಖ್ಯೆ.

ಅಂಕಿಗಳ ಮೊತ್ತ 46, ತಿರುಗಿಸಿ ಬರೆದರೆ 7463847412 ಎಂದೆಲ್ಲ ಸುಮ್ನೆ ಜಾಗ ತುಂಬಿಸಬೇಡಿ. ಅವು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದವು, ಸಂಖ್ಯೆಯ ಒಳಗಿನ ಗುಣವಲ್ಲ. ಹಾಗಂತ ನೋಡಲು ಚಂದದ ಅವಿಭಾಜ್ಯಗಳು ಇಲ್ಲವೆಂದಲ್ಲ. 1 ಬರೆದು, ಹದಿಮೂರು ಸೊನ್ನೆ, 666, ಮತ್ತೆ ಹದಿಮೂರು ಸೊನ್ನೆ, ಕೊನೆಗೆ 1 ಬರೆಯಿರಿ. ಆ 31 ಅಂಕಿಯ ಸಂಖ್ಯೆ ಅವಿಭಾಜ್ಯ. ಹತ್ತೊಂಬತ್ತು 1ಗಳನ್ನು ಸಾಲಾಗಿ ಬರೆದರೆ ಬರುವುದೂ ಅವಿಭಾಜ್ಯ. ಮಕ್ಕಳಿಗೆ ಇವು ಬೇಗ ಹಿಡಿಸುತ್ತವೆ.

ಹಂತ 8: ಫಲಿತಾಂಶ ಬರೆಯುವ ರೀತಿ

ಮೂರರಲ್ಲಿ ಒಂದನ್ನು ಬರೆಯಿರಿ: 'ಸಂಯುಕ್ತ', 'ಸಂಭಾವ್ಯ ಅವಿಭಾಜ್ಯ', 'ಸಾಬೀತಾದ ಅವಿಭಾಜ್ಯ'. ಪಕ್ಕದಲ್ಲೇ ಯಾವ ಪರೀಕ್ಷೆ, ಯಾವ ಆಧಾರ ಸಂಖ್ಯೆಗಳು, ಯಾವ ತಂತ್ರಾಂಶ ಎಂದೂ ಬರೆಯಿರಿ. ತೀರ್ಪುಗಾರರು ಕೇಳುವುದು ಇದನ್ನೇ.

"ಜಗತ್ತಿನ ಅತಿ ದೊಡ್ಡ ಅವಿಭಾಜ್ಯ" ಎಂದು ಬರೆಯಬೇಡಿ. ಅಂಥದ್ದು ಇಲ್ಲ, ಅವಿಭಾಜ್ಯಗಳಿಗೆ ಕೊನೆಯೇ ಇಲ್ಲವೆಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಯೂಕ್ಲಿಡ್ ತೋರಿಸಿದ್ದಾನೆ. "ಗೊತ್ತಿರುವುದರಲ್ಲಿ ದೊಡ್ಡದು" ಎನ್ನಿ, ಇಸವಿಯನ್ನೂ ಹಾಕಿ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯೂರಾಂಟ್ ಎಂಬುವರು ಕಂಡುಹಿಡಿದದ್ದು 2ರ 136279841ನೇ ಘಾತದಲ್ಲಿ 1 ಕಳೆದದ್ದು. ಅದರಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಅದನ್ನು ಫೋನಿನಲ್ಲಿ ಪರೀಕ್ಷಿಸಲು ಹೋಗಬೇಡಿ.

ಅಭ್ಯಾಸಕ್ಕೆ ಹಾಸನದ ಪಿನ್‌ಕೋಡ್ 573201 ಹಿಡಿಯಿರಿ. ಅಂಕಿಗಳ ಮೊತ್ತ 18. 3ರಿಂದ ಎರಡು ಸಲ ಭಾಗಿಸಿದರೆ 63689 ಉಳಿಯುತ್ತದೆ. ಅದರ ವರ್ಗಮೂಲ 252ರ ಹತ್ತಿರ, ಅಲ್ಲಿವರೆಗೆ 54 ಅವಿಭಾಜ್ಯಗಳಿವೆ. ಕ್ಯಾಲ್ಕುಲೇಟರ್ ಹಿಡಿದು ಕೂತರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. 193ರಲ್ಲಿ ಮಾತ್ರ ಹುಷಾರು: 193 × 330 = 63690.